ಕುರ್ಚಿಗೆ ತೂಗುಹಾಕಿದ ರಿವಾಲ್ವರ್: ಸುರಪುರದ ವೆಂಕಟಪ್ಪ ನಾಯಕರ ಕಥೆಯಲ್ಲಿ ನಿಜ ಎಷ್ಟು, ನಂಬಿಕೆ ಎಷ್ಟು?

ಎರಡು ಬಗೆಯ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಒಂದರಲ್ಲಿ ಹೊಳೆಯುವ ಪಿಸ್ತೂಲಿನ ಫೋಟೊ ಇರುತ್ತದೆ. ಜಿಂಕೆ ಬೇಟೆಗೂ ಆಗುತ್ತದೆ, ದಿನವೂ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಲೂ ಆಗುತ್ತದೆ, ಒಂದು ಕೊಂಡರೆ ಸಾಕು ಎನ್ನುವ ಒಕ್ಕಣೆ ಅದರ ಕೆಳಗೆ. ಇನ್ನೊಂದರಲ್ಲಿ ನಮ್ಮ ಭಾಗದ ಇತಿಹಾಸ. ಸುರಪುರದ ರಾಜ ನಾಲ್ವಡಿ ವೆಂಕಟಪ್ಪ ನಾಯಕರು ಜಾತಕದಲ್ಲಿ ಬರೆದಿದ್ದಂತೆಯೇ 24ನೇ ವಯಸ್ಸಿನಲ್ಲಿ ತೀರಿಕೊಂಡರು, ಹಣೆಬರಹ ತಪ್ಪಿಸಲು ಯಾರಿಂದಲೂ ಆಗಲಿಲ್ಲ ಎಂಬ ಕಥೆ.

ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಆ ಯುವರಾಜನ ಬದುಕನ್ನು ಮೊದಲಿನಿಂದ ನೋಡಿದರೆ ಎರಡೂ ಸಂದೇಶಗಳಿಗೆ ಒಂದೇ ಕಡೆ ಉತ್ತರ ಸಿಗುತ್ತದೆ. ಬನ್ನಿ, ನೋಡೋಣ.

ಬೇಟೆಗಾರರ ನಾಡು

ರಾಯಚೂರಿನಿಂದ ದೇವದುರ್ಗದ ಕಡೆ ಹೋಗಿ ತಿಂಥಣಿ ಬ್ರಿಡ್ಜ್ ಹತ್ತಿರ ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ. ಇಂದು ಅದು ಯಾದಗಿರಿ ಜಿಲ್ಲೆ. ಆಗ ಅದು ಬೇಡ ನಾಯಕರ ಸಂಸ್ಥಾನ. ನದಿಯ ಈಚೆಗಿನ ದೇವದುರ್ಗವೂ ಹಿಂದೆ ಬೇಡ ಪಾಳೆಗಾರರ ಕೋಟೆಯೇ ಆಗಿತ್ತು.

ಬೇಡರಿಗೆ ಆಯುಧ ಎಂದರೆ ಅಲಂಕಾರವಲ್ಲ. ಬೇಟೆ, ಕಾವಲು, ಯುದ್ಧ ಮೂರಕ್ಕೂ ಅದೇ ಬೇಕು. 1705ರಲ್ಲಿ ಔರಂಗಜೇಬ್ ತಾನೇ ಬಂದು ಸುರಪುರದ ಬಳಿಯ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅದು ಅವನ ಜೀವನದ ಕೊನೆಯ ಮುತ್ತಿಗೆ. ಕೋಟೆಯೇನೋ ಮೊಘಲರ ಕೈಗೆ ಬಂತು, ಆದರೆ ಅದಕ್ಕೆ ಮೂರು ತಿಂಗಳು ಹಿಡಿಯಿತು. ಒಳಗಿದ್ದ ಬೇಡರ ಗುರಿ ಅಷ್ಟು ಕರಾರುವಾಕ್ಕಾಗಿತ್ತು.

ಆ ಕಾಲದ ಕೋವಿ ಹೇಗಿತ್ತು ಎಂಬುದನ್ನು ಇಲ್ಲೇ ತಿಳಿದುಕೊಳ್ಳೋಣ, ಮುಂದೆ ಬೇಕಾಗುತ್ತದೆ. ಅದು ಬತ್ತಿಯಿಂದ ಹಾರಿಸುವ ಕೋವಿ. ಮೊದಲು ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ಗುಂಡು ಹಾಕಿ ಕೋಲಿನಿಂದ ಕೆಳಗಿನವರೆಗೆ ದಬ್ಬಬೇಕು. ಪಕ್ಕದ ಸಣ್ಣ ಬಟ್ಟಲಿಗೆ ನಯವಾದ ಮದ್ದು ಹಾಕಬೇಕು. ಕಿಡಿ ಹಿಡಿದ ಬತ್ತಿ ಕೈಯಲ್ಲಿರಬೇಕು. ಇಷ್ಟೆಲ್ಲ ಆದ ಮೇಲೆ ಒಂದು ಗುಂಡು. ಅಂದರೆ ಗೋಡೆಗೆ ನೇತುಬಿದ್ದ ಕೋವಿಯನ್ನು ಯಾರಾದರೂ ಎತ್ತಿಕೊಂಡರೂ ಅದು ಆ ಕ್ಷಣಕ್ಕೆ ಹಾರುವುದಿಲ್ಲ. ಮನುಷ್ಯ ಯೋಚಿಸಲು, ಪಕ್ಕದವರು ಕೈ ಹಿಡಿಯಲು ನಡುವೆ ಸಮಯ ಇರುತ್ತಿತ್ತು.

ಅಪ್ಪ ಎಂದು ಕರೆದ ಹುಡುಗ

ವೆಂಕಟಪ್ಪ ನಾಯಕರು ಹುಟ್ಟಿದ್ದು 1834ರ ಸುಮಾರಿಗೆ. ತಂದೆ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಇನ್ನೂ ಚಿಕ್ಕ ಹುಡುಗ. ಸಂಸ್ಥಾನದ ಮೇಲೆ ದೊಡ್ಡ ಸಾಲ, ಒಳಗೆ ಅಧಿಕಾರದ ಜಗಳ. ಒಂದು ಕಡೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಹುಡುಗನ ಚಿಕ್ಕಪ್ಪ. ಇದನ್ನು ಸರಿಪಡಿಸಲು 1840ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮರ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದರು.

ಟೇಲರ್ ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಲೆಕ್ಕಪತ್ರ ಸರಿ ಮಾಡಿದರು, ಬೋನಾಳದ ಕೆರೆಯನ್ನು ದುರಸ್ತಿ ಮಾಡಿಸಿದರು, ಸುತ್ತಲಿನ ಬೃಹತ್ ಶಿಲಾಗೋರಿಗಳನ್ನು ಅಗೆದು ಅಧ್ಯಯನ ಮಾಡಿದರು. ಗುಡ್ಡದ ಮೇಲಿನ ಅವರ ಬಂಗಲೆಯನ್ನು ಸುರಪುರದವರು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ಹುಡುಗನ ಓದುಬರಹದ ಜವಾಬ್ದಾರಿಯೂ ಅವರದೇ. ಹುಡುಗ ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದ.

1853ರಲ್ಲಿ ಎರಡು ಘಟನೆ ಒಟ್ಟಿಗೆ ನಡೆದವು. ನಿಜಾಮರು ಸಾಲದ ಒತ್ತಡದಲ್ಲಿ ರಾಯಚೂರು ದೋಆಬ್, ಬೇರಾರ್ ಮತ್ತು ನಳದುರ್ಗದ ಸೀಮೆಗಳ ಆಡಳಿತವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಹಾಗಾಗಿ ರಾಯಚೂರು, ಮಾನ್ವಿ, ದೇವದುರ್ಗದ ಸುತ್ತಲೂ ಕಂಪನಿಯ ಕೈ ಬಲವಾಯಿತು. ಅದೇ ವರ್ಷ ವಯಸ್ಸಿಗೆ ಬಂದ ವೆಂಕಟಪ್ಪ ನಾಯಕರಿಗೆ ಸುರಪುರದ ಅಧಿಕಾರ ಸಿಕ್ಕಿತು. ಟೇಲರ್ ನಳದುರ್ಗಕ್ಕೆ ಹೋದರು. ಇಪ್ಪತ್ತು ದಾಟದ ರಾಜ, ಸುತ್ತಲೂ ಸಲಹೆ ಕೊಡುವವರು, ಮತ್ತೆ ಬೆಳೆಯುತ್ತಿದ್ದ ಸಾಲ. ಮುಂದಿನ ನಾಲ್ಕು ವರ್ಷ ಹೀಗೆ ಕಳೆದವು.

ಆಯುಧ ಒಪ್ಪಿಸಿ ಎಂಬ ಕಾನೂನು

1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಿತು. ಜನರ ಕೈಯಲ್ಲಿ ಆಯುಧ ಇರಬಾರದು ಎಂದು ಇಂಗ್ಲಿಷ್ ಸರ್ಕಾರ ಅದೇ ವರ್ಷ ಶಸ್ತ್ರಾಸ್ತ್ರ ಕಾಯ್ದೆ ತಂದಿತು. ಆಯುಧ ಇದ್ದವರು ನೋಂದಾಯಿಸಿ ಪರವಾನಗಿ ಪಡೆಯಬೇಕು, ಇಲ್ಲವೇ ಒಪ್ಪಿಸಬೇಕು.

ಬೇಟೆಯನ್ನೇ ಬದುಕಾಗಿಸಿಕೊಂಡವರಿಗೆ ಇದು ಸಹಿಸಲಾಗದ ಮಾತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಹಲಗಲಿ ಬೇಡರ ಲಾವಣಿ ಹುಟ್ಟಿದ್ದು ಈ ಘಟನೆಯಿಂದಲೇ. ಮರುವರ್ಷ ಮುಂಡರಗಿ ಭೀಮರಾಯರು ಮತ್ತು ನರಗುಂದದ ಬಾಬಾಸಾಹೇಬರು ತಿರುಗಿಬಿದ್ದಾಗಲೂ ಆಯುಧ ಕಸಿದುಕೊಂಡ ಸಿಟ್ಟು ಕಾರಣಗಳಲ್ಲಿ ಒಂದಾಗಿತ್ತು.

ಸುರಪುರದಲ್ಲಿ ವೆಂಕಟಪ್ಪ ನಾಯಕರು ಪಡೆ ಸೇರಿಸುತ್ತಿದ್ದಾರೆ, ನಾನಾಸಾಹೇಬರ ಕಡೆಯವರ ಜೊತೆ ಸಂಪರ್ಕ ಇದೆ ಎಂಬ ಅನುಮಾನ ಇಂಗ್ಲಿಷರಿಗೆ ಬಂತು. ರಾಜನ ಮನವೊಲಿಸಲು ಕ್ಯಾಪ್ಟನ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿ ಬಂದರು. ಲಿಂಗಸುಗೂರಿನಿಂದ ಸೈನ್ಯವೂ ಬಂತು. 1858ರ ಫೆಬ್ರವರಿ 7ರ ರಾತ್ರಿ ಇಂಗ್ಲಿಷರ ಶಿಬಿರದ ಮೇಲೆ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ನ್ಯೂಬೆರಿ ಎಂಬ ಇಂಗ್ಲಿಷ್ ಅಧಿಕಾರಿ ಸತ್ತರು. ಹೆಚ್ಚಿನ ಸೈನ್ಯ ಬರುತ್ತಿರುವ ಸುದ್ದಿ ತಿಳಿದು ರಾಜ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೋದರು. ಅಲ್ಲಿ ನೆರವು ಸಿಗಲಿಲ್ಲ. ನಿಜಾಮರ ದಿವಾನ ಸಾಲಾರ್ ಜಂಗ್ ಅವರನ್ನು ಇಂಗ್ಲಿಷರಿಗೆ ಒಪ್ಪಿಸಿದರು.

ವಿಚಾರಣೆ ನಡೆದು ಮರಣದಂಡನೆಯಾಯಿತು. ಆಮೇಲೆ ಅದು ಜೀವಾವಧಿ ಗಡಿಪಾರಿಗೆ ಇಳಿಯಿತು, ಕೊನೆಗೆ ಮದ್ರಾಸ್ ಪ್ರಾಂತ್ಯದ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆಗೆ ಬಂತು. ನಡತೆ ಸರಿ ಕಂಡರೆ ಸಂಸ್ಥಾನ ಮರಳಿ ಸಿಗುವ ಸಾಧ್ಯತೆಯೂ ಇತ್ತು ಎಂದು ಟೇಲರ್ ಬರೆದಿದ್ದಾರೆ.

ಡೇರೆಯೊಳಗಿನ ಗುಂಡಿನ ಸದ್ದು

ಆ ಕೋಟೆಯನ್ನು ರಾಜ ಮುಟ್ಟಲೇ ಇಲ್ಲ. 1858ರಲ್ಲೇ, ಸಿಕಂದರಾಬಾದಿನಿಂದ ಕರೆದೊಯ್ಯುವಾಗ, ದಾರಿಯ ಶಿಬಿರದಲ್ಲಿ ಅವರ ಸಾವಾಯಿತು. ಇಂಗ್ಲಿಷರ ಕಡೆಯ ಹೇಳಿಕೆ ಇಷ್ಟು: ಕಾವಲಿನ ಅಧಿಕಾರಿ ತನ್ನ ಸೊಂಟದ ಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ತೂಗುಹಾಕಿ ಹೊರಗೆ ಹೋದ. ಪಟ್ಟಿಯಲ್ಲಿ ರಿವಾಲ್ವರ್ ಇತ್ತು. ಅಷ್ಟರಲ್ಲಿ ಒಳಗಿನಿಂದ ಗುಂಡಿನ ಸದ್ದು ಕೇಳಿಸಿತು.

ಈ ಸಾವಿನ ಸುತ್ತ ಮೂರು ನಂಬಿಕೆ ಬೆಳೆದಿವೆ. ಒಂದೊಂದಾಗಿ ನೋಡೋಣ.

ನಂಬಿಕೆ 1: ಇದು ಖಂಡಿತ ಆತ್ಮಹತ್ಯೆ. ಇದು ಇಂಗ್ಲಿಷ್ ದಾಖಲೆಗಳ ನಿಲುವು. ಆದರೆ ಅದನ್ನು ಹೇಳಿದವರು ರಾಜನನ್ನು ಸೆರೆಯಲ್ಲಿಟ್ಟವರ ಕಡೆಯವರೇ. ಇದನ್ನು ಪುಸ್ತಕದಲ್ಲಿ ದಾಖಲಿಸಿದ ಟೇಲರ್ ಕೂಡ ಆ ಡೇರೆಯ ಬಳಿ ಇರಲಿಲ್ಲ, ಬೇರೆಯವರಿಂದ ಕೇಳಿ ಬರೆದರು.

ನಂಬಿಕೆ 2: ಇದು ಖಂಡಿತ ಕೊಲೆ. ಸುರಪುರ ಸೀಮೆಯಲ್ಲಿ ಅನೇಕರು ಹೀಗೆ ನಂಬುತ್ತಾರೆ. ಶಿಕ್ಷೆ ಕಡಿಮೆಯಾಗಿದ್ದ, ಸಂಸ್ಥಾನ ಮರಳಿ ಸಿಗಬಹುದಾಗಿದ್ದ ರಾಜ ಯಾಕೆ ಸಾಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ರಶ್ನೆ ಸಾಕ್ಷ್ಯವಾಗುವುದಿಲ್ಲ. ಖಂಡಿತ ಎಂಬ ಪದ ಹಾಕಿ ಎರಡರಲ್ಲಿ ಯಾವುದನ್ನು ಕಳುಹಿಸಿದರೂ ಅದು ಇತಿಹಾಸಕ್ಕಿಂತ ಒಂದು ಹೆಜ್ಜೆ ಮುಂದೆ ಹೋದಂತೆ. ಅವರ ಹೋರಾಟದ ಗೌರವ ಸಾವಿನ ರೀತಿಯ ಮೇಲೆ ನಿಂತಿಲ್ಲ.

ನಂಬಿಕೆ 3: ಜಾತಕದಲ್ಲಿ ಬರೆದದ್ದೇ ಆಯಿತು. ಹೆಚ್ಚು ಫಾರ್ವರ್ಡ್ ಆಗುವ ಕಥೆ ಇದೇ. ಹುಡುಗ 24ನೇ ವರ್ಷ ದಾಟುವುದಿಲ್ಲ ಎಂದು ಜ್ಯೋತಿಷಿಗಳು ಹೇಳಿದ್ದರು, ರಾಣಿ ಅದನ್ನು ತನಗೆ ತಿಳಿಸಿದ್ದರು ಎಂದು ಟೇಲರ್ ತಮ್ಮ ಆತ್ಮಕಥೆಯಲ್ಲಿ ಬರೆದದ್ದು ನಿಜ. ಆದರೆ ಆ ಪುಸ್ತಕ ಅಚ್ಚಾದದ್ದು 1877ರಲ್ಲಿ, ರಾಜ ತೀರಿ 19 ವರ್ಷದ ಮೇಲೆ, ಟೇಲರ್ ತೀರಿದ ಮರುವರ್ಷ. ಭವಿಷ್ಯ ನಿಜವಾದ ಮೇಲೆ ಬರೆದಿಟ್ಟ ಭವಿಷ್ಯಕ್ಕೂ, ಮೊದಲೇ ದಿನಾಂಕ ಹಾಕಿ ಮುಚ್ಚಿಟ್ಟ ಭವಿಷ್ಯಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಕಾಲರಾ, ಸಿಡುಬು, ಜ್ವರಗಳಿಂದ ಜನ ಹರೆಯದಲ್ಲೇ ಸಾಯುತ್ತಿದ್ದ ಕಾಲ ಅದು. ಎಷ್ಟೋ ಮಕ್ಕಳ ಜಾತಕದಲ್ಲಿ ಅಲ್ಪಾಯುಷ್ಯ ಎಂದು ಬರೆದಿರುತ್ತಿದ್ದರು. ಅವರಲ್ಲಿ ಎಪ್ಪತ್ತು ದಾಟಿದವರ ಕಥೆಯನ್ನು ಯಾರೂ ಪುಸ್ತಕದಲ್ಲಿ ಬರೆಯಲಿಲ್ಲ. ಹೊಂದಿಕೆಯಾದ ಒಂದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ, ಹೊಂದದ ನೂರು ಮರೆತುಹೋಗುತ್ತವೆ. ನಮ್ಮ ಮನಸ್ಸು ಕೆಲಸ ಮಾಡುವುದೇ ಹೀಗೆ.

ಆಯುಧದಲ್ಲಿ ಏನು ಬದಲಾಗಿತ್ತು?

ಗ್ರಹಗಳನ್ನು ಬಿಟ್ಟು ಕುರ್ಚಿಯ ಕಡೆ ನೋಡೋಣ. ಕೊಲೆಯೋ, ಆತ್ಮಹತ್ಯೆಯೋ, ಕೈತಪ್ಪಿದ್ದೋ, ಏನೇ ಇರಲಿ, ಸಾವು ಬಂದದ್ದು ಗುಂಡಿನಿಂದ. ಇಂಗ್ಲಿಷರ ಹೇಳಿಕೆಯನ್ನೇ ಒಪ್ಪಿದರೆ, ಗುಂಡು ತುಂಬಿದ್ದ ಆಯುಧವನ್ನು ಒಬ್ಬ ಕೈದಿಯ ಕೈಗೆಟುಕುವಂತೆ ಬಿಟ್ಟುಹೋದದ್ದು ಕಾವಲಿಗಿದ್ದ ಅಧಿಕಾರಿಯೇ.

ರಿವಾಲ್ವರ್ ಆಗ ಹೊಸ ವಸ್ತು. ಅಮೆರಿಕದ ಸ್ಯಾಮುಯೆಲ್ ಕೋಲ್ಟ್ 1836ರಲ್ಲಿ ತಮ್ಮ ದೇಶದಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು. 1850ರ ದಶಕದಲ್ಲಿ ಇಂಗ್ಲಿಷ್ ಅಧಿಕಾರಿಗಳು ಕೋಲ್ಟ್ ಅಥವಾ ಆಡಮ್ಸ್ ರಿವಾಲ್ವರನ್ನು ಸ್ವಂತ ದುಡ್ಡಿನಿಂದ ಕೊಂಡು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಅದರ ತಿರುಗುವ ಉರುಳೆಯಲ್ಲಿ ಐದೋ ಆರೋ ಗುಂಡು ಮೊದಲೇ ತುಂಬಿರುತ್ತಿದ್ದವು. ಪ್ರತಿ ಗುಂಡಿನ ಹಿಂದೆ ಕಿಡಿ ಹೊತ್ತಿಸುವ ಸಣ್ಣ ತಾಮ್ರದ ಟೊಪ್ಪಿ. ಬತ್ತಿ ಬೇಡ, ಕೋಲು ಬೇಡ. ಆಡಮ್ಸ್ ಮಾದರಿಯಲ್ಲಿ ಕುದುರೆ ಎಳೆಯುವ ಕೆಲಸವೂ ಇಲ್ಲ, ಟ್ರಿಗರ್ ಒತ್ತಿದರೆ ಸಾಕು.

ಬತ್ತಿ ಕೋವಿಗೂ ರಿವಾಲ್ವರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಮನಸ್ಸಿಗೆ ಬಂದ ಯೋಚನೆ ಮತ್ತು ಹಾರುವ ಗುಂಡಿನ ನಡುವೆ ಹಿಂದೆ ಇದ್ದ ಸಮಯವನ್ನು ಈ ಯಂತ್ರ ಕಿತ್ತುಹಾಕಿತು. ಯಾವಾಗಲೂ ಸಿದ್ಧವಾಗಿರುವುದು ಅದರ ಶಕ್ತಿ, ಅದೇ ಅದರ ಅಪಾಯ. ಯಾರ ರಕ್ಷಣೆಗೆಂದು ಸೊಂಟದಲ್ಲಿರುತ್ತದೋ, ಸೊಂಟದಿಂದ ಬಿಚ್ಚಿಟ್ಟ ಕ್ಷಣಕ್ಕೆ ಅದು ಪಕ್ಕದಲ್ಲಿ ಇರುವವರ ಆಯುಧವಾಗುತ್ತದೆ.

ಹಾಗಾದರೆ ಮೊದಲ ಫಾರ್ವರ್ಡ್?

ಜಿಂಕೆ ಬೇಟೆಗೂ ದಿನದ ಓಡಾಟಕ್ಕೂ ಒಂದೇ ಕೈಬಂದೂಕು ಎಂಬ ಮಾತು ಬಂದದ್ದು ಅಮೆರಿಕದಿಂದ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಯಾಡಬಹುದು, ಕೆಲವರು ಅದನ್ನು ದೊಡ್ಡ ರಿವಾಲ್ವರಿನಿಂದಲೂ ಮಾಡುತ್ತಾರೆ. ಆದರೆ ಒಂದೇ ಆಯುಧ ಎರಡಕ್ಕೂ ಸರಿಹೊಂದುವುದು ಅಲ್ಲಿಯೂ ಕಷ್ಟ. ಕಾರಣ ಸರಳ.

ನಮ್ಮಲ್ಲಿ ಪರವಾನಗಿದಾರರ ಬಳಿ ಸಾಮಾನ್ಯವಾಗಿ ಕಾಣುವ .32 ರಿವಾಲ್ವರಿನ ಗುಂಡು ಸುಮಾರು 6 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹೋಗುತ್ತದೆ. ಅದರ ಶಕ್ತಿ ಹೆಚ್ಚುಕಡಿಮೆ 120 ಜೂಲ್. ಬೇಟೆಗೆ ಬಳಸುವ ಉದ್ದ ನಳಿಗೆಯ ರೈಫಲ್ ಗುಂಡಿನ ಶಕ್ತಿ 3,000 ಜೂಲ್ ದಾಟುತ್ತದೆ. ಮೇಲಾಗಿ ಚಿಕ್ಕ ನಳಿಗೆಯಲ್ಲಿ ಗುರಿಯ ಎರಡು ಕಣ್ಣುಗಳ ನಡುವಿನ ಅಂತರ ಕಡಿಮೆ. ಕೈ ಕೂದಲೆಳೆಯಷ್ಟು ಅಲುಗಿದರೂ ಐವತ್ತು ಮೀಟರಿನಾಚೆ ಗುಂಡು ಎಲ್ಲೋ ಹೋಗಿರುತ್ತದೆ. ಪ್ರಾಣಿ ಸಾಯುವುದಿಲ್ಲ, ಗಾಯಗೊಂಡು ಓಡಿ ಎಲ್ಲೋ ನರಳುತ್ತದೆ. ಅಮೆರಿಕದಲ್ಲಿ ಬೇಟೆಗೆ ಬಳಸುವ .44 ಮ್ಯಾಗ್ನಂ ರಿವಾಲ್ವರಿಗೆ ಸಾವಿರ ಜೂಲ್ ಶಕ್ತಿ ಇದೆ ನಿಜ. ಆದರೆ ಅದು ಕಿಲೋಗಿಂತ ಹೆಚ್ಚು ಭಾರ, ನಳಿಗೆ ಉದ್ದ, ಒದೆತ ಜೋರು. ಸೊಂಟದಲ್ಲಿ ಮುಚ್ಚಿಟ್ಟುಕೊಂಡು ತಿರುಗುವ ವಸ್ತು ಅದಲ್ಲ.

ಇನ್ನು ನಮ್ಮ ಕಾನೂನು. ದೇವದುರ್ಗ, ಮಾನ್ವಿ ಕಡೆಯ ಎರೆ ಹೊಲಗಳಲ್ಲಿ ಚಿಗರಿ ಕಂಡರೆ ನೆನಪಿಡಿ: ಚಿಗರಿ ಎಂದರೆ ಕೃಷ್ಣಮೃಗ, ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯ ಪ್ರಾಣಿ. ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ. ಬಂದೂಕಿಗೆ ಪರವಾನಗಿ ಇದ್ದರೆ ಬೇಟೆಗೂ ಪರವಾನಗಿ ಇದ್ದಂತೆ ಎಂಬುದು ಶುದ್ಧ ಸುಳ್ಳು. ಬೆಳೆ ತಿಂದಿತು ಎಂಬ ಕಾರಣಕ್ಕೂ ಅದನ್ನು ಹೊಡೆಯುವಂತಿಲ್ಲ. ಅರಣ್ಯ ಇಲಾಖೆಗೆ ದೂರು ಕೊಡುವುದೇ ದಾರಿ.

ಪಿಸ್ತೂಲು, ರಿವಾಲ್ವರಿಗೆ ಶಸ್ತ್ರಾಸ್ತ್ರ ಕಾಯ್ದೆ 1959ರಂತೆ ಪರವಾನಗಿ ಬೇಕು. 21 ವರ್ಷ ತುಂಬಿರಬೇಕು. ಪೊಲೀಸ್ ವರದಿ ಬಂದ ಮೇಲೆ ತೀರ್ಮಾನ ಪರವಾನಗಿ ಕೊಡುವ ಅಧಿಕಾರಿಯದು. ಕೊಟ್ಟರೂ ಆಯುಧವನ್ನು ಭದ್ರವಾಗಿಡುವ ಹೊಣೆ ನಿಮ್ಮದೇ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ ಜೈಲು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಯಾವುದನ್ನು ಕೊಳ್ಳಲಿ ಎಂಬ ಪ್ರಶ್ನೆಗಿಂತ ಮೊದಲು ಕೇಳಿಕೊಳ್ಳಬೇಕಾದ್ದು, ಬಿಚ್ಚಿಟ್ಟಾಗ ಎಲ್ಲಿಡಲಿ ಎಂಬುದು.

ನಮ್ಮ ಮನೆಯ ಕುರ್ಚಿ

ನಮಗೂ ಇದಕ್ಕೂ ಏನು ಸಂಬಂಧ, ನಮ್ಮ ಮನೆಯಲ್ಲಿ ರಿವಾಲ್ವರ್ ಎಲ್ಲಿದೆ ಎಂದು ನೀವು ಕೇಳಬಹುದು. ಸರಿ, ಇಲ್ಲ. ಆದರೆ ಹತ್ತಿಗೆ ಹೊಡೆಯುವ ಔಷಧದ ಡಬ್ಬಿ ಇದೆಯಲ್ಲ? ಅದು ಎಲ್ಲಿದೆ? ಜಂತಿಯ ಸಂದಿಯಲ್ಲೋ, ಬಾಗಿಲ ಮೂಲೆಯಲ್ಲೋ, ಎಲ್ಲರ ಕೈಗೆ ಸಿಗುವಂತೆ.

ಆತ್ಮಹತ್ಯೆ ತಡೆಯ ಬಗ್ಗೆ ವಿಜ್ಞಾನ ಬಹಳ ಖಚಿತವಾಗಿ ಹೇಳುವ ಒಂದು ಮಾತಿದೆ. ಸಾಯಬೇಕೆನ್ನುವ ತೀವ್ರ ಘಳಿಗೆ ಅನೇಕರಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಆ ಘಳಿಗೆಯಲ್ಲಿ ಮಾರಕ ವಸ್ತು ಕೈಗೆ ಸಿಗದಿದ್ದರೆ ಬಹಳ ಜನ ಬದುಕುತ್ತಾರೆ, ಬದುಕಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ದೊಡ್ಡ ಮಟ್ಟದಲ್ಲಿ ಇಳಿಯಿತು. ಅಲ್ಲಿನ ಜನರ ಜಾತಕ ಬದಲಾಗಲಿಲ್ಲ, ಕೈಗೆ ಸಿಗುವ ವಸ್ತು ಬದಲಾಯಿತು.

1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟರು. ಬೇಡ ನಾಯಕರ ಸಂಸ್ಥಾನ ಅಲ್ಲಿಗೆ ಮುಗಿಯಿತು. ಟೇಲರ್ ದುರಸ್ತಿ ಮಾಡಿಸಿದ ಬೋನಾಳದ ಕೆರೆ ಇಂದು ಪಕ್ಷಿಧಾಮ. ಹಿಂದೆ ಬೇಟೆಯ ಸೀಮೆಯಾಗಿದ್ದಲ್ಲಿ ಈಗ ಜನ ದುರ್ಬೀನು ಹಿಡಿದು ಹಕ್ಕಿ ನೋಡಲು ಹೋಗುತ್ತಾರೆ.

ವೆಂಕಟಪ್ಪ ನಾಯಕರ ಕಥೆಯನ್ನು ಖಂಡಿತ ಹಂಚಿಕೊಳ್ಳಿ. ಆಯುಧ ಕಸಿಯಲು ಬಂದವರ ಎದುರು ನಿಂತ ಸೀಮೆಯ ರಾಜ ಅವರು. ಹಣೆಬರಹದ ಭಾಗವನ್ನು ಮಾತ್ರ ಬಿಟ್ಟುಬಿಡಿ. ಅದರ ಬದಲು ಒಂದು ಕೆಲಸ ಮಾಡಿ: ಇಂದೇ ಮನೆಯ ಔಷಧದ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಪರವಾನಗಿಯ ಬಂದೂಕು ಇದ್ದರೆ ಗುಂಡು ಬೇರೆ, ಬಂದೂಕು ಬೇರೆ ಇಟ್ಟು ಬೀಗ ಹಾಕಿ. ನಿಮಗೋ ನಿಮ್ಮವರಿಗೋ ಬದುಕು ಬೇಡ ಅನ್ನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು.